ನೆಂಟರಿಲ್ಲದ ಊರಿನಲ್ಲಿ ನಾಲ್ಕು ದಿನ

ಬಾದಾಮಿ ಸ್ಟೇಶನ್ನು,
ಶುಕ್ರವಾರ, ೧೧ ಫೆಬ್ರವರಿ ೧೯೫೫

ಸ್ವಸ್ತಿ ಶ್ರೀಮತ್ ಸಕಲಗುಣಸಂಪನ್ನೆ, ಇಳಕಲ್ಲ ಪೇಟೆಯ ಪಡಸಾಲೆಯಿಂದ ಭೂಮಧ್ಯ ಸಮುದ್ರದವರೆಗಿನ ಸಮಸ್ತ ಜಲಮಾರ್ಗಗಳ ಒಡತಿ, ಖಟಿ ರೊಟ್ಟಿಯ ಭಂಡಾರಕ್ಕೆ ಏಕಮೇವ ಕಾವಲುಗಾರ್ತಿ, ಅರ್ಧ ಹರಿದ ಇಂಗ್ಲಿಷ್ ಡಿಕ್ಷನರಿಯ ಪೂರ್ಣ ಪಂಡಿತೆ, ಅಖಿಲ ಬಾದಾಮಿ ವ್ಯಾಲೆಟ್ಟಾ ಪ್ರವಾಸ ಮಂಡಳಿಯ ಆಜೀವ ಅಧ್ಯಕ್ಷೆ ಸೌಭಾಗ್ಯವತಿ ಅನಸೂಯಾಬಾಯಿ ಅವರ ದಿವ್ಯ ಸನ್ನಿಧಾನಕ್ಕೆ, ಸದರಿ ಮಂಡಳಿಯ ಕಾರ್ಯದರ್ಶಿ, ಸಿಪಾಯಿ, ಹಮಾಲ ಹಾಗೂ ಉಳಿದ ಒಬ್ಬನೇ ಸದಸ್ಯನಾದ ಪಂಢರೀನಾಥನು ಟೊಪ್ಪಿಗೆ ಕೈಯಲ್ಲಿ ಹಿಡಿದು ಮಾಡುವ ಬಿನ್ನಹಗಳು.

ಇಲ್ಲಿ ಉಭಯ ಕುಶಲ ಎಂದು ಬರೆಯುವುದು ರೂಢಿ. ಮಂಡಳಿಯು ಈ ಸಲ ಆ ಸಾಲನ್ನು ಬಿಟ್ಟು ಮುಂದೆ ಹೋಗಲು ತೀರ್ಮಾನಿಸಿದೆ.

ಅಧ್ಯಕ್ಷೆಯವರು ತವರಿಗೆ ಹೋದಾಗಿನಿಂದ ಐದು ತಿಂಗಳು ಮಂಡಳಿಯ ಒಂದೂ ಸಭೆ ಆಗಿಲ್ಲ. ಹಿಂಗಾದರೆ ಮಂಡಳಿಯೇ ಮುಳುಗೀತೆಂಬ ಭಯದಿಂದ ಕಾರ್ಯದರ್ಶಿಯು ಕಳೆದ ರವಿವಾರ ತುರ್ತು ಸಭೆ ಕರೆದ. ಕ್ವಾರ್ಟರಿನ ಅಡಿಗೆಮನೆಯಲ್ಲಿ ನಿನ್ನ ಮಣೆಯನ್ನು ಎದುರಿಗೆ ಹಾಕಿ, ನನ್ನ ಮಣೆಯ ಮೇಲೆ ನಾನು ಕೂತು, ಪ್ರವಾಸದ ಕಾರ್ಯಕ್ರಮವನ್ನು ಓದಿದೆ. ಪರವಾಗಿ ಒಂದು ಮತ ಬಿತ್ತು. ವಿರೋಧ ಯಾರೂ ಮಾಡಲಿಲ್ಲ. ನಿನ್ನ ಮಣೆ ಎಷ್ಟು ಸುಮ್ಮನಿತ್ತೆಂದರೆ, ಅನಸೂಯಾ, ಒಮ್ಮೆ ವಿರೋಧಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪ್ರತಿ ವರದಿಯ ಆರಂಭದಲ್ಲಿ ಮಂಡಳಿಯ ಇತಿಹಾಸವನ್ನು ಓದತಕ್ಕದ್ದು ಎಂಬುದು ನೀನೇ ಬರೆಸಿದ ಎರಡನೆಯ ನಿಯಮ. ಆದ್ದರಿಂದ ಓದುತ್ತೇನೆ. ಆಕಳಿಸಬೇಡ.

ನಮ್ಮ ಮದುವೆಯಾದ ವರುಷ, ಆಷಾಢ ಕಳೆದು ನೀನು ಬಾದಾಮಿಗೆ ಬಂದ ಮೊದಲ ವಾರ. ಮಧ್ಯಾಹ್ನದ ಗಾಡಿ ಹೋಗಿ ಸ್ಟೇಶನ್ನು ಖಾಲಿಯಿತ್ತು. ನಾನು ಟಿಕೆಟ್ ಕಿಟಕಿಯೊಳಗೆ ತೂಕಡಿಸುತ್ತಿದ್ದೆ. ಕಿಟಕಿಯ ಹೊರಗೆ ಮೂಗಿನ ತನಕ ಸೆರಗು ಎಳೆದುಕೊಂಡ ಒಬ್ಬ ಹೆಣ್ಣುಮಗಳು ಬಂದು ಮುದುಕಿಯ ದನಿಯಲ್ಲಿ, "ಸಾಹೇಬ್ರ, ಎರಡು ಟಿಕೀಟ ಕೊಡ್ರಿ" ಅಂದಳು. ಕೈಯಲ್ಲಿದ್ದ ನಮ್ಮ ಮನೆಯ ಬುತ್ತಿಡಬ್ಬಿ ಕಂಡು ನನಗೆ ಗುರುತು ಹತ್ತಿತು. ಆದರೆ ಸರಕಾರಿ ನೌಕರ ನಾನು, ಮುಖ ಸಡಿಲ ಬಿಡಲಿಲ್ಲ. "ಎಲ್ಲಿಗಿರಿ ಬಾಯಾರ?" ಅಂದೆ.

"ನಮ್ಮ ನೆಂಟರು ಒಬ್ರೂ ಇಲ್ಲದ ಊರಿಗೆ."

ನಾನು ದರದ ಪುಸ್ತಕ ತೆಗೆದು ಮೊದಲ ಪುಟದಿಂದ ಕೊನೆಯ ಪುಟದ ತನಕ ತಿರುವಿದೆ. "ಹೋಟಗಿಯೊಳಗ ನಮ್ಮ ದೊಡ್ಡಪ್ಪನ ಬೀಗರು ಇದ್ದಾರ. ಗದಗಿನಾಗ ನಿಮ್ಮ ಸ್ವಾದರಮಾವ. ಗುಂತಕಲ್ಲಿನಾಗ ಸುದ್ದಾ ಯಾರೋ ಒಬ್ರು ಚಿಕ್ಕವ್ವ ಇದ್ದಂಗದ. ಈ ಪುಸ್ತಕದಾಗ ನೀವು ಹೇಳೂವಂಥಾ ಊರು ಇಲ್ಲರಿ."

"ಹಂಗಾರ ಬ್ಯಾರೆ ಪುಸ್ತಕ ತೆಗೀರಿ," ಅಂದಳು ಆ ಬಾಯಿ, ಸೆರಗು ಸರಿಸದೆ.

ಬೇರೆ ಪುಸ್ತಕ ಖರೆಯೇ ಇತ್ತು. ಗುಹೆ ನೋಡಲು ಬಂದ ಬಿಳಿಯ ದಂಪತಿ ವೇಟಿಂಗ್ ರೂಮಿನ ಬೆಂಚಿನ ಮೇಲೆ ಮರೆತುಹೋದದ್ದು. ಮರೆತ ಸಾಮಾನನ್ನು ಮೇಲಿನ ಆಫೀಸಿಗೆ ಕಳಿಸಬೇಕೆಂಬ ನಿಯಮವಿದೆ, ಮತ್ತು ನಾನು ಅದನ್ನು ನಾಳೆ ಕಳಿಸುತ್ತೇನೆ. ಒಂದೂವರೆ ವರುಷದಿಂದ ನಾಳೆಯೇ ಕಳಿಸುವವನಿದ್ದೇನೆ. ಅಂಗೈಯಗಲದ ಪುಸ್ತಕ. ರಕ್ಷಾಪುಟದ ಮೇಲೆ ಸಮುದ್ರ, ಸಮುದ್ರದ ದಂಡೆಗೆ ಜೇನಿನ ಬಣ್ಣದ ಕಲ್ಲಿನ ಊರು. ಮಾಲ್ಟಾ ಎಂಬ ನಡುಗಡ್ಡೆ, ಅದರ ರಾಜಧಾನಿ ವ್ಯಾಲೆಟ್ಟಾ. ಆ ಊರಿನಲ್ಲಿ ನಾಲ್ಕು ದಿನ ಕಳೆಯುವುದು ಹೇಗೆ ಎಂಬುದಷ್ಟೇ ಪುಸ್ತಕದ ವಿಷಯ. ನೀನು ಆ ಚಿತ್ರದ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮವರು ಯಾರರ ಅದಾರೇನು?" ಅಂದೆ. "ವಿಚಾರಿಸಿ ಹೇಳ್ತೇನಿ" ಅಂದೆ ನಾನು. ಮೂರು ದಿನ ಎರಡೂ ಮನೆತನಗಳ ವಂಶಾವಳಿ ಜಾಲಾಡಿದೆ. ಮಾಲ್ಟಾದಲ್ಲಿ ಒಬ್ಬರೂ ಸಿಗಲಿಲ್ಲ. ಅಂದೇ ಮಂಡಳಿ ಹುಟ್ಟಿತು.

ಇತಿಹಾಸದಲ್ಲಿ ಇದನ್ನೂ ಬರೆದಿಡಬೇಕು. ಆ ವರುಷ ನಾವು ನೂತನ ದಂಪತಿಗಳೆಂದು ಹನ್ನೊಂದು ಮನೆಯಲ್ಲಿ ಉಂಡೆವು. ಬನಶಂಕರಿಗೆ ಬಂದವರೆಲ್ಲ ನಮ್ಮ ಎರಡು ಕೋಣೆಯ ಕ್ವಾರ್ಟರಿನಲ್ಲಿ ಇಳಿದರು. ಬಾಗಲಕೋಟೆಗೆ ಹೋದರೆ ನನ್ನವ್ವನ ಮನೆಯಲ್ಲಿ ಹದಿನಾಲ್ಕು ಮಂದಿ, ಇಳಕಲ್ಲಿಗೆ ಹೋದರೆ ನಿನ್ನವರು. ಮದುವೆಯಾಗಿ ಒಂದು ವರುಷ ತುಂಬಿದ ದಿನ ನೀನು ಬೆರಳು ಮಡಚಿ ಎಣಿಸಿದೆ: ನಾವಿಬ್ಬರೇ ಇದ್ದ ದಿನಗಳು ನಾಲ್ಕಕ್ಕೂ ಕಡಿಮೆ. ಅದಕ್ಕೇ ನಿನ್ನ ಹಟ. ಊರೂರು ಸುತ್ತುವುದು ಬೇಡ, ಒಂದೇ ಊರು, ನಾಲ್ಕೇ ದಿನ, ಯಾರೂ ಬಂದು "ನೀ ಯಾರ ಸೊಸಿ ಬೇ" ಎಂದು ಕೇಳಬಾರದು.

ಇತಿಹಾಸ ಮುಗಿಯಿತು. ಈಗ ಮಂಜೂರಾದ ಕಾರ್ಯಕ್ರಮ.

ಬಾದಾಮಿಯಿಂದ ಹೋಟಗಿಗೆ ನಮ್ಮ ಸಣ್ಣ ಗಾಡಿ. ಹೋಟಗಿಯಲ್ಲಿ ಇಳಿದೊಡನೆ ದೊಡ್ಡಪ್ಪನ ಬೀಗರ ಕಣ್ಣಿಗೆ ಬೀಳದಂತೆ ನೀನು ಸೆರಗು, ನಾನು ವೃತ್ತಪತ್ರಿಕೆ ಹಿಡಿದು ದೊಡ್ಡ ಗಾಡಿಗೆ ಬದಲಾಯಿಸುವುದು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಹಡಗು. ಏಡನ್ ಬರುವ ತನಕ ವಾಂತಿ ಮಾಡುವ ಹಕ್ಕನ್ನು ಕಾರ್ಯದರ್ಶಿಯು ತನಗೆ ಕಾದಿರಿಸಿಕೊಂಡಿದ್ದಾನೆ. ಅಧ್ಯಕ್ಷೆಯವರು ನಿಂಬೆಯ ಉಪ್ಪಿನಕಾಯಿಯೊಡನೆ ಪಕ್ಕದಲ್ಲಿ ನಿಂತು ನಗಬಹುದು. ಊಟದ ವಿಷಯ ಇರುವ ಹಾಳೆಗಳನ್ನು ಆ ಬಿಳಿಯ ದಂಪತಿ ಹರಿದುಕೊಂಡು ಹೋಗಿರುವುದರಿಂದ, ವ್ಯಾಲೆಟ್ಟಾದ ಜನ ಏನು ತಿನ್ನುತ್ತಾರೆಂಬುದು ಇವತ್ತಿಗೂ ತಿಳಿದಿಲ್ಲ. ಆದ್ದರಿಂದ ನಿನ್ನ ಹಳೆಯ ಠರಾವಿನಂತೆ ಖಟಿ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ನಾಲ್ಕೂ ದಿನಕ್ಕೆ ಇಲ್ಲಿಂದಲೇ.

ಮೊದಲನೆಯ ದಿನ ಏನನ್ನೂ ನೋಡತಕ್ಕದ್ದಲ್ಲ. ಬಂದರದಿಂದ ಊರಿಗೆ ಏರುವ ಓಣಿಗಳೆಲ್ಲ ಮೆಟ್ಟಿಲು ಮೆಟ್ಟಿಲೇ ಇವೆಯಂತೆ. ಬಾದಾಮಿಯ ಮೇಲಿನ ಗುಹೆಗೆ ಹತ್ತುವಾಗ ನೀನು ಮೂರು ಕಡೆ ಕೂತವಳು, ಅಲ್ಲಿ ಎಷ್ಟು ಕಡೆ ಕೂಡುತ್ತೀ ಎಂಬ ಬಗ್ಗೆ ಪಂದ್ಯ. ಆ ಮೇಲೆ ಬೀದಿಗೆ ಚಾಚಿದ ಕಟ್ಟಿಗೆಯ ಬಾಲ್ಕನಿ ಇರುವ ಒಂದು ಕೋಣೆ. ಬಾಲ್ಕನಿಯಲ್ಲಿ ಕೂತು ಹೋಗಿ ಬರುವವರನ್ನು ನೋಡುವುದು. ಬಾಗಿಲು ಬಡಿದವರಿಗೆ ತೆಗೆಯದಿರುವುದು. ಆದರೆ ಯಾರು ಬಡಿದಾರು? ಅದೇ ಅಲ್ಲವೇ ಆ ಊರಿನ ಸೊಗಸು.

ಇಲ್ಲಿಗೆ ಬಂದಾಗ ರವಿವಾರದ ಸಭೆಯನ್ನು ನಿಲ್ಲಿಸಬೇಕಾಯಿತು. ಕಾರ್ಯದರ್ಶಿಗೆ ಮುಂದೆ ಓದಲಾಗಲಿಲ್ಲ. ಮೊದಲ ದಿನದ ಕೋಣೆಯಲ್ಲಿ ನೀನು ಹೋದ ಸಲ ಒಂದು ತೊಟ್ಟಿಲು ಸೇರಿಸಿದ್ದೆ, ಸೀಸದಕಡ್ಡಿಯಿಂದ. ಅದನ್ನು ಅಳಿಸಲೋ ಬಿಡಲೋ ಎಂದು ಠರಾವು ಆಗಿಲ್ಲ.

ಇನ್ನು ಮುಂದಿನದನ್ನು ಸ್ವಲ್ಪ ಬೇರೆ ದನಿಯಲ್ಲಿ ಬರೆಯುತ್ತೇನೆ. ಬರೆಯಲು ಪ್ರಯತ್ನಿಸುತ್ತೇನೆ. ನನಗೆ ಅದರ ರೂಢಿಯಿಲ್ಲೆಂದು ನಿನಗೆ ಗೊತ್ತೇ ಇದೆ.

ಸಂಕ್ರಮಣದ ಮರುದಿನ ನಿನ್ನ ತಂದೆಯವರ ಕಾರ್ಡು ಬಂತು. ಹೆಡ್‌ಮಾಸ್ತರ್ ಕೃಷ್ಣಾಜಿಪಂತರ ಅಕ್ಷರ, ಒಂದು ಕಾಗುಣಿತವೂ ಬಾಗಿಲ್ಲ. "ಚಿ. ಸೌ. ಅನಸೂಯಾ ಜೂನ್ ತಿಂಗಳಿನಿಂದ ಧಾರವಾಡಕ್ಕೆ ಶಿಕ್ಷಕಿಯರ ಟ್ರೇನಿಂಗಿಗೆ ಹೋಗುವಳು. ತಮ್ಮಲ್ಲಿಗೆ ಬರುವುದಿಲ್ಲ ಎನ್ನುತ್ತಾಳೆ. ಕಾರಣ ಕೇಳಿದರೆ ಹೇಳುವುದಿಲ್ಲ. ಅವಳ ಟ್ರಂಕನ್ನು ಬಾಗಲಕೋಟೆಯಲ್ಲಿ ಇಳಕಲ್ಲಿನ ಮೋಟರಿಗೆ ಹಾಕಿಸಿ ಕಳಿಸುವ ಕೃಪೆ ಆಗಬೇಕು." ಇಷ್ಟೇ. ಕಾರ್ಡು ತಂದ ಪೋಸ್ಟಿನ ಮಲೀಕಸಾಬ ಅದನ್ನು ಓದಿದ್ದನೆಂದು ಕಾಣುತ್ತದೆ. ಎಂದಿನಂತೆ ಚಹಾಕ್ಕೆ ನಿಲ್ಲದೆ, ನನ್ನ ಮುಖ ನೋಡದೆ ಸೈಕಲ್ ಹತ್ತಿದ.

ಟ್ರಂಕನ್ನು ನಾನಿನ್ನೂ ಕಳಿಸಿಲ್ಲ. ಎರಡು ಸಲ ಪ್ಲಾಟ್‌ಫಾರ್ಮಿನ ತನಕ ಒಯ್ದೆವು. ಎರಡು ಸಲವೂ ಗಾಡಿ ಬಂದಾಗ ನಾನು, "ಇವತ್ತ ಬ್ಯಾಡ, ಗದ್ದಲ ಭಾಳ ಅದ" ಅಂದೆ. ಎರಡನೆಯ ಸಲ ಗಾಡಿಯಲ್ಲಿ ಶಿವಯೋಗ ಮಂದಿರಕ್ಕೆ ಹೋಗುವ ನಾಲ್ಕು ಮಂದಿ ಸ್ವಾಮಿಗಳು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಪಾಯಿಂಟ್ಸ್‌ಮನ್ ಹೊಳಬಸಪ್ಪ ಟ್ರಂಕನ್ನು ಮತ್ತೆ ಹೆಗಲಿಗೇರಿಸಿ, "ಸಾಹೇಬ್ರ, ಇದನ್ನ ಕಳಸೂದೋ, ದಿನಾ ಹೀಂಗ ತಿರಗಾಡ್ಸೂದೋ, ಒಂದು ಹೇಳಿಬಿಡ್ರಿ. ಇದರ ಗಾಳಿ ಸೇವನಿ ಮುಗ್ಯೂದ್ರಾಗ ನನ್ನ ನಡಾ ಹೋಗತದ" ಅಂದ. ಅಂದವನು ನಗಲಿಲ್ಲ. ನಾನೂ ನಗಲಿಲ್ಲ. ಈ ಸ್ಟೇಶನ್ನಿನಲ್ಲಿ ನಗುವುದು ಈಗ ಎಂಜಿನ್ನು ಮಾತ್ರ.

ಟ್ರಂಕು ಹೋದರೆ ನೀನು ಹೋದೆ ಎಂದರ್ಥ. ಅದಕ್ಕೇ ಈ ಕಾಗದ.

ವಿಜಾಪುರದಿಂದ ನಾನು ಪಾಸ್‌ಪೋರ್ಟಿನ ಅರ್ಜಿ ತರಿಸಿದ್ದೆ. ಆಟಕ್ಕಲ್ಲ, ಸೆಪ್ಟೆಂಬರಿನಲ್ಲಿ, ಖರೆಯಾದ ಅರ್ಜಿ; ನೀನು ಬಂದಾಗ ಎದುರಿಗಿಟ್ಟು ಬೆರಗುಗೊಳಿಸಬೇಕೆಂದಿದ್ದೆ. ಹೆಸರು, ತಂದೆಯ ಹೆಸರು, ಎತ್ತರ, ಗುರುತಿನ ಮಚ್ಚೆ, ಎಲ್ಲ ತುಂಬಿದ್ದೇನೆ. ನಿನ್ನ ಎಡಗಿವಿಯ ಹಿಂದಿನ ಮಚ್ಚೆಯನ್ನು ಸರಕಾರಕ್ಕೆ ತಿಳಿಸುವುದೋ ಬಿಡುವುದೋ ಎಂದು ಎರಡು ದಿನ ಯೋಚಿಸಿದೆ. ಕೆಳಗೆ ಒಂದು ಸಾಲಿದೆ: ತಾಯಿಯ ಜೊತೆ ಪ್ರಯಾಣ ಮಾಡುವ ಮಕ್ಕಳ ಹೆಸರು. ಹನ್ನೆರಡನೆಯ ದಿನ ಹೆಸರಿಟ್ಟ ಮೇಲೆ ತುಂಬೋಣವೆಂದು ಬಿಟ್ಟಿದ್ದೆ.

ಅವಳು ಒಂಬತ್ತು ದಿನ ಇದ್ದಳು.

ನಮ್ಮ ರೈಲಿನಲ್ಲಿ ಮೂರು ವರುಷದೊಳಗಿನವರಿಗೆ ಟಿಕೆಟ್ ಬೇಕಾಗಿಲ್ಲ ಅನಸೂಯಾ. ಇದನ್ನು ದಿನಕ್ಕೆ ಹತ್ತು ಸಲ ಕಿಟಕಿಯಲ್ಲಿ ಹೇಳುತ್ತೇನೆ. ಯಾವಳೋ ತಾಯಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, "ಇದಕೂ ಟಿಕೀಟ ಹತ್ತತದೇನ್ರಿ ಯಪ್ಪಾ?" ಅಂತಾಳೆ. "ಇಲ್ಲವಾ, ಅದಕ್ಕ ಹತ್ತೂದಿಲ್ಲ" ಅಂತೇನೆ. ಮೊದಲು ಆ ಮಾತಿನ ಜೊತೆಗೆ ಏನಾದರೊಂದು ಚ್ಯಾಷ್ಟಿ ಸೇರಿಸುತ್ತಿದ್ದೆ. ಈಗ ಅಷ್ಟೇ ಹೇಳಿ ಕೆಳಗೆ ನೋಡುತ್ತೇನೆ.

ತಾರಿನ ವಿಷಯ.

ಇದನ್ನು ಬರೆಯದೆ ಎರಡನೆಯ ದಿನದ ಕಾರ್ಯಕ್ರಮಕ್ಕೆ ಹೋಗಲಾರೆ. ಏಳನೆಯ ತಿಂಗಳ ಕುಬಸ ಮುಗಿಸಿ ನೀನು ಇಳಕಲ್ಲಿಗೆ ಹೋಗಿ ಹದಿನೈದು ದಿನಕ್ಕೆ ಒಂದು ತಾರು ಬಂತು, ನೆನಪಿದೆಯಲ್ಲ. "ಪರಿಸ್ಥಿತಿ ಗಂಭೀರ, ಕೂಡಲೇ ಹೊರಡಿರಿ." ನಾನು ಊಟ ಬಿಟ್ಟು, ರಜೆ ಬರೆಯದೆ, ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಓಡಿದೆ. ಬಂದು ನೋಡಿದರೆ ನೀನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. "ಯಾಕ್ರಿ, ಇಷ್ಟ ಲಗೂ ಬಂದ್ರಿ? ಗಾಡಿ ಮುಂದ ಓಡಿ ಬಂದ್ರೇನು?"

"ಗಂಭೀರ ಅಂತ ಬರದಿದ್ದೆಲ್ಲಾ?"

"ಖರೇನ ಅದ. ಈ ಮನ್ಯಾಗ ಹದಿನೈದು ದಿನದಿಂದ ಒಬ್ರೂ ನಕ್ಕಿಲ್ಲ. ಇದಕ್ಕಿಂತ ಗಂಭೀರ ಇನ್ನೇನರಿ?"

ಒಳಗಿನಿಂದ ನಿನ್ನ ತಂದೆಯವರು, "ಅದು ಸರಕಾರದ ತಂತಿ. ಗಂಡ ಹೆಂಡತಿ ಆಟಕ್ಕ ಎಳದದ್ದಲ್ಲ" ಎಂದರು. ಅತ್ತೆ ಸರಸ್ವತೀಬಾಯಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದರು, ಅವರು ನಗುತ್ತಿದ್ದರು. ನಾನು ಅಲ್ಲಿಯೇ, ಆ ಕಟ್ಟೆಯ ಮೇಲೆ, ಇದು ಮಂಡಳಿಯ ಇತಿಹಾಸದಲ್ಲೇ ಶ್ರೇಷ್ಠ ಚ್ಯಾಷ್ಟಿ ಎಂದು ಘೋಷಿಸಿ ನಿನಗೆ ಶಹಬಾಸ್ ಹೇಳಿದೆ. ಸೇಡು ತೀರಿಸುತ್ತೇನೆಂದೂ ಹೇಳಿದೆ.

ಆಮೇಲೆ ನವೆಂಬರ್ ಹದಿನೇಳು, ಬುಧವಾರ. ಮಲೀಕಸಾಬ ತಾರು ತಂದ. "ಕೂಸಿಗೆ ಬಹಳ ಜಡ್ಡು, ಕೂಡಲೇ ಹೊರಡಿರಿ, ಅನಸೂಯಾ." ಅದೇ ಊರು, ಅದೇ ಹೆಸರು, ಅದೇ ಕೂಡಲೇ ಹೊರಡಿರಿ. ಎರಡು ದಿನದ ಹಿಂದೆಯಷ್ಟೇ ಕೂಸು ಗಟ್ಟಿಮುಟ್ಟಾಗಿದೆ, ಅಳುವಾಗ ನನ್ನ ಹಾಗೇ ಕಾಣುತ್ತದೆ ಎಂಬ ನಿನ್ನ ಕಾಗದ ಬಂದಿತ್ತು. ನಾನು ಏನು ತಿಳಿಯಬೇಕಿತ್ತು ಹೇಳು. ಕಿಟಕಿಯೊಳಗೇ ಕೂತು ನಕ್ಕೆ. ಹೊಳಬಸಪ್ಪನನ್ನು ಕರೆದು, "ನೋಡಪಾ, ಬಾಯಾರು ಮತ್ತ ಸುರು ಮಾಡ್ಯಾರ" ಎಂದು ಓದಿ ತೋರಿಸಿದೆ. ಒಂದೇ ಚ್ಯಾಷ್ಟಿಗೆ ಎರಡು ಸಲ ಓಡಿ ಬರುವವನು ಕಾರ್ಯದರ್ಶಿಯಾಗಲು ನಾಲಾಯಕ್ ಎಂದುಕೊಂಡು ತಿರುಗಿ ತಾರು ಕೊಟ್ಟೆ. "ಸಮುದ್ರದ ಗಾಳಿ ಜೋರು. ಕೂಸಿಗೆ ಕುಂಚಿಗಿ ಹೊಲಿಸು. ಕಾರ್ಯದರ್ಶಿ."

ಅದು ನಿನ್ನ ಕೈಗೆ ಬಂದಾಗ ಅವಳು ನಿನ್ನ ಮಡಿಲಲ್ಲಿದ್ದಳೆಂದು ಮಾವನವರು ಬರೆದರು. ಇನ್ನೂ ಇದ್ದಳು. ದೀಪ ಹಚ್ಚುವ ಹೊತ್ತಿಗೆ ಹೋದಳು.

ನಿನ್ನ ತಾರು ನನ್ನ ಕೈಗೆ ಬರುವ ಹೊತ್ತಿಗೆ ಹನ್ನೊಂದರ ಗಾಡಿ ಹೋಗಿಬಿಟ್ಟಿತ್ತು, ಅನಸೂಯಾ. ಹೊರಟಿದ್ದರೂ ಸಂಜೆಯೊಳಗೆ ನಾನು ಮುಟ್ಟುತ್ತಿರಲಿಲ್ಲ. ಇದನ್ನು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ. ತಪ್ಪಲ್ಲವೆಂದು ಹೇಳುತ್ತಿಲ್ಲ. ನಾವಿಬ್ಬರೂ ಕೂಡಿ ಕಟ್ಟಿದ ಆಟ ನನ್ನ ಕಾಲಿಗೆ ತೊಡರಿತು ಎನ್ನುತ್ತಿದ್ದೇನೆ. ಅರ್ಧ ಮಾಫಿಯಾದರೂ ಸಿಕ್ಕೀತೇ?

ಮಾವನವರ ಕಾಗದ ಬಂದ ಮರುದಿನ ನಾನು ಬಂದೆ. ನಿಮ್ಮ ಪಡಸಾಲೆಯಲ್ಲಿ ಮುಂಜಾನೆಯಿಂದ ಸಂಜೆಯ ತನಕ ಕೂತಿದ್ದೆ. ಹಳ್ಳದ ದಂಡೆಗೆ ನಿನ್ನ ತಂದೆಯವರು ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದರು. ಸಣ್ಣ ಕಲ್ಲು, ಬುಟ್ಟಿ ಮುಚ್ಚುವಷ್ಟು. ತಿರುಗಿ ಬಂದಾಗ ನೀನು ಒಳಬಾಗಿಲ ಹೊಸ್ತಿಲಿಗೆ ಬಂದು ನಿಂತೆ. ತಲೆ ಬಾಚಿರಲಿಲ್ಲ. ನೀನು ಬಯ್ಯುತ್ತೀ, ಅಳುತ್ತೀ ಎಂದು ನಾನು ತಯಾರಾಗಿದ್ದೆ. ನೀನು ಒಂದೇ ಮಾತು ಕೇಳಿದೆ.

"ಆ ತಾರು ಕೊಟ್ಟಾಗ ನೀವು ಎಲ್ಲಿದ್ರಿ?"

"ಸ್ಟೇಶನ್ನಿನಾಗ" ಅಂದೆ. "ಕಿಟಕಿಯೊಳಗ ಕೂತಿದ್ದೆ. ನಿಂದು ಚ್ಯಾಷ್ಟಿ ಅಂತ ತಿಳದೆ."

ನೀನು ನನ್ನ ಮುಖವನ್ನು ಬಹಳ ಹೊತ್ತು ನೋಡಿ ಒಳಗೆ ಹೋದೆ. ಅಂದಿನಿಂದ ನಿನ್ನ ದನಿ ಕೇಳಿಲ್ಲ. ಏಳು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಅವು ಗಂಭೀರವಾದ ಕಾಗದಗಳು, ಯಾರೋ ಬೇರೆಯವರು ಬರೆದಂತಿದ್ದವು. ಇದು ಎಂಟನೆಯದು. ಇದನ್ನು ನನ್ನ ಹಾಗೇ ಬರೆದಿದ್ದೇನೆ, ಓದಿದವಳು ಇವನ್ಯಾರೆಂದು ಗುರುತಿಸಲಿ ಎಂದು.

ಎರಡನೆಯ ದಿನ. ಜಾನ್ ಎಂಬ ಸಂತನ ದೊಡ್ಡ ಗುಡಿ ನೋಡುವುದು ಎಂದು ಹಿಂದೆ ಠರಾವಾಗಿತ್ತು. ಗುಡಿಯ ನೆಲವೆಲ್ಲ ಬಣ್ಣದ ಗೋರಿಕಲ್ಲುಗಳಂತೆ, ಕಾಲಿಟ್ಟಲ್ಲೆಲ್ಲ ಒಬ್ಬೊಬ್ಬರ ಹೆಸರಂತೆ. ಒಂದೊಂದೂ ಓದುತ್ತ ನಡೆಯೋಣ, ಬಾಯಿ ತಿರುಗದ ಹೆಸರಿಗೆ ಒಂದೊಂದು ಶೇಂಗಾ ಕಾಳು ದಂಡ ಎಂದಿದ್ದೆ ನೀನು. ಕಾರ್ಯದರ್ಶಿಯು ಈ ದಿನವನ್ನು ಕಾರ್ಯಕ್ರಮದಿಂದ ತೆಗೆದುಹಾಕಬೇಕೆಂದು ಕೋರುತ್ತಾನೆ. ಅಷ್ಟೊಂದು ಹೆಸರುಗಳ ಮೇಲೆ ನಡೆಯುವುದು ನನ್ನಿಂದಾಗದು. ಹಳ್ಳದ ದಂಡೆಯ ಕಲ್ಲಿಗೆ ನಾವು ಒಂದನ್ನೂ ಕೊಡಲಿಲ್ಲ.

ಕೊಡಲಿಲ್ಲ, ಆದರೆ ನನ್ನ ಹತ್ತಿರ ಇತ್ತು. ಹನ್ನೆರಡನೆಯ ದಿನ ತೊಟ್ಟಿಲ ಹತ್ತಿರ ನನ್ನ ತಂಗಿ ಕೂಸಿನ ಕಿವಿಯಲ್ಲಿ ಹೇಳಲೆಂದು ಆರಿಸಿಟ್ಟಿದ್ದೆ. ತಂಗಿಗೂ ಹೇಳಿರಲಿಲ್ಲ. ಇದುವರೆಗೆ ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುವುದಿಲ್ಲ. ಅದು ಕಾಗದದಲ್ಲಿ ಬರೆಯುವಂಥದಲ್ಲ, ಕಿವಿಯಲ್ಲಿ ಹೇಳುವಂಥದು, ಮತ್ತು ಆ ಕಿವಿ ಇಲ್ಲದ ಮೇಲೆ ಇನ್ನು ನಿನ್ನ ಕಿವಿಯೊಂದೇ.

ಮೂರನೆಯ ದಿನ. ಕೋಟೆಯ ಗೋಡೆಯ ಮೇಲಿನ ತೋಟದಲ್ಲಿ ಕೂತು ಕೆಳಗಿನ ಬಂದರಿಗೆ ಬಂದ ಹಡಗು, ಹೋದ ಹಡಗು ನೋಡುವುದು. 'ನಾನು ಮಾತಾಡೂದಿಲ್ಲ, ನೀವೂ ಚ್ಯಾಷ್ಟಿ ಮಾಡಬಾರದು, ಮಧ್ಯಾಹ್ನದ ತನಕ' ಎಂದು ನೀನೇ ಶರತ್ತು ಹಾಕಿದ್ದೆ. ಅಂದು ನಾನು ವಿರೋಧಿಸಿದೆ. ಮಧ್ಯಾಹ್ನದ ತನಕ ಎಂದರೆ ಜೀವಕ್ಕೆ ಅಪಾಯ ಎಂದೆ. ವಿರೋಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸಂಜೆಯ ತನಕ ಬೇಕಾದರೂ ಸುಮ್ಮನೆ ಕೂಡುತ್ತೇನೆ. ಈ ಮೂರು ತಿಂಗಳು ಅಭ್ಯಾಸ ಮಾಡಿದ್ದೇನೆ.

ನಾಲ್ಕನೆಯ ದಿನದ ಹಾಳೆಯೂ ಪುಸ್ತಕದಿಂದ ಹರಿದುಹೋಗಿದೆ. ನೀನು ಬಂದು ಬರೆಸಬೇಕು.

ಈಗ ವಿನಂತಿ. ಈ ತಿಂಗಳು ಇಪ್ಪತ್ತೊಂದು, ಸೋಮವಾರ, ನಾನು ಬಾಗಲಕೋಟೆಯ ಮೋಟರ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಇಳಕಲ್ಲಿನಿಂದ ಬರುವ ಮುಂಜಾನೆಯ ಮೋಟರು, ಮಧ್ಯಾಹ್ನದ ಮೋಟರು, ಸಂಜೆಯದು, ಮೂರನ್ನೂ ನೋಡುತ್ತೇನೆ. ಟ್ರೇನಿಂಗು ಬೇಡವೆಂದು ನಾನು ಹೇಳುತ್ತಿಲ್ಲ. ಹೋಗು, ಓದು, ಮಾಸ್ತರಳಾಗು. ಬಾದಾಮಿಯ ಸಾಲಿಯಲ್ಲೂ ಮಾಸ್ತರರು ಬೇಕಾಗಿದ್ದಾರೆ. ಆದರೆ ಆ ಮೊದಲು ಒಂದು ಸಲ ಇಳಿದು ಬಾ. ಮೂರರಲ್ಲೂ ನೀನು ಇಳಿಯದಿದ್ದರೆ ಮರುದಿನ ಟ್ರಂಕು ಹೊರಡುತ್ತದೆ, ಇನ್ನು ತಿರುಗಾಡಿಸುವುದಿಲ್ಲ. ಪುಸ್ತಕವನ್ನು ಅದರಲ್ಲಿ ನಿನ್ನ ಸೀರೆಗಳ ಮೇಲೆಯೇ ಇಟ್ಟಿರುತ್ತೇನೆ. ಮಂಡಳಿಯನ್ನು ಬರಖಾಸ್ತು ಮಾಡುವ ಅಧಿಕಾರ ನಿಯಮದ ಪ್ರಕಾರ ಅಧ್ಯಕ್ಷೆಗೆ ಮಾತ್ರ ಇದೆ.

ಅತ್ತೆಯವರಿಗೂ ಮಾವನವರಿಗೂ ನಮಸ್ಕಾರ. ಈ ಕಾಗದದ ಮೊದಲ ಪುಟವನ್ನು ಮಾವನವರಿಗೆ ತೋರಿಸಬೇಡ. ಉಳಿದದ್ದನ್ನೂ ತೋರಿಸಬೇಡ.

ಸದಾ ನಿನ್ನ ಆಜ್ಞಾಧಾರಕ, ಸಭೆಗೆ ಹಾಜರಿದ್ದ ಏಕೈಕ ಸದಸ್ಯ,
ಪಂಢರೀನಾಥ

ತಾ. ಕ. — ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ತಾರಿನ ವಿಷಯ ಮೇಲೆ ಬರೆದದ್ದು ಸುಳ್ಳು. ಅದನ್ನು ಓದಿ ನಾನು ನಗಲಿಲ್ಲ. ಓದಿದ ಕೂಡಲೇ ಖರೆಯೆಂದು ಗೊತ್ತಾಯಿತು. ನೀನು ಕೂಸಿನ ಹೆಸರಿನಲ್ಲಿ ಆಟ ಆಡುವವಳಲ್ಲ. ಹೊಳಬಸಪ್ಪನೇ, "ನಡೀರಿ ಸಾಹೇಬ್ರ, ಗಾಡಿ ಬರಲಿಕ್ಕತ್ತದ" ಎಂದು ಕೋಟು ತಂದುಕೊಟ್ಟ. ಹನ್ನೊಂದರ ಗಾಡಿ ಹೋಗಿರಲಿಲ್ಲ. ಅದನ್ನೇ ಹತ್ತಿದೆ. ಬಾಗಲಕೋಟೆಯಲ್ಲಿ ಇಳಕಲ್ಲಿನ ಮೋಟರು ಹಿಡಿದೆ. ದಾರಿಯುದ್ದಕ್ಕೂ ನಿನ್ನ ಎದುರು ನಿಂತು ಏನು ಹೇಳಬೇಕೆಂದು ಹುಡುಕಿದೆ. ಬಾಯಿಗೆ ಬಂದದ್ದೆಲ್ಲ ಚ್ಯಾಷ್ಟಿಯೇ. ಹುನಗುಂದದಲ್ಲಿ ಮೋಟರು ನಿಂತಾಗ ಇಳಿದೆ. ಅಲ್ಲಿಂದ ನಿಮ್ಮೂರು ಎಂಟು ಮೈಲು. ಎದುರಿಗೇ ತಾರ್ ಆಫೀಸಿತ್ತು. ಆಟವೆಂದು ಉತ್ತರ ಕೊಟ್ಟರೆ ಹೋದ ಸಲದಂತೆ ಆಟವೇ ಆಗಿಬಿಟ್ಟೀತು ಎಂದು ಬರೆದು ಕೊಟ್ಟೆ. ತಾರಿನ ಮೇಲೆ ಅದು ಹೊರಟ ಊರಿನ ಹೆಸರು ಇರುತ್ತದೆಂದು ಆಗ ಹೊಳೆಯಲಿಲ್ಲ. ನೀನು ಅದನ್ನು ಓದಿಯೇ ನನ್ನನ್ನು ಕೇಳಿದೆ, ಅಲ್ಲವೇ? ನಾನು ಸ್ಟೇಶನ್ನಿನಾಗ ಅಂದೆ.

ತಾರು ಕೊಟ್ಟು ಬಂದಾಗಲೂ ಮೋಟರು ಇನ್ನೂ ನಿಂತಿತ್ತು. ಕಂಡಕ್ಟರನು, "ಇಳಕಲ್ಲ ಯಾರ್ರೀ, ಹತ್ತರಿ" ಎಂದು ಎರಡು ಸಲ ಕೂಗಿದ. ಎರಡನೆಯ ಸಲ ನನ್ನನ್ನೇ ನೋಡಿ ಕೂಗಿದ. ನಾನು ಹೊಟೆಲ್ಲಿನ ಬಾಗಿಲಲ್ಲಿ ಚಹಾ ಕುಡಿಯುವವನಂತೆ ಬಸಿಯನ್ನು ಬಾಯಿಗೆ ಹಿಡಿದು ನಿಂತಿದ್ದೆ. ಬಸಿಯಲ್ಲಿ ಚಹಾ ಇರಲಿಲ್ಲ.